ಎಡಕ್ಕೆ ಕೋಟೆ, ಬಲಕ್ಕೆ ಟಾಯ್ಲೆಟ್

ಪುಸ್ತಕ ಬಂದರೆ ವಿಮರ್ಶಿಸುತ್ತೇವೆ, ನಾಟಕ ನೋಡಿದರೆ ವಿಮರ್ಶಿಸುತ್ತೇವೆ, ಮದುವೆಮನೆಯ ಊಟವನ್ನಂತೂ ಎಲೆ ಎತ್ತುವ ಮೊದಲೇ ವಿಮರ್ಶಿಸಿ ಮುಗಿಸುತ್ತೇವೆ. ಆದರೆ ಗೈಡ್ ಒಬ್ಬರ ಹಿಂದೆ ನಲವತ್ತು ಜನ ಸಾಲುಗಟ್ಟಿ ನಡೆದು ನೋಡುವ ಪ್ರವಾಸವನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಹೋಟೆಲು ಚೆನ್ನಾಗಿತ್ತೇ, ಅನ್ನ ಸಾರು ಸಿಕ್ಕಿತೇ, ಬಸ್ಸು ಹೊತ್ತಿಗೆ ಸರಿಯಾಗಿ ಬಂತೇ ಎಂದು ಕೇಳುವಲ್ಲಿಗೆ ನಮ್ಮ ವಿಮರ್ಶೆ ಮುಗಿಯುತ್ತದೆ. ಗೈಡ್ ಹೇಳಿದ್ದೇನು, ಬಿಟ್ಟಿದ್ದೇನು ಎಂದು ಕೇಳುವ ಅಭ್ಯಾಸ ನಮಗಿಲ್ಲ. ಬ್ರಿಟನ್ನಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಈ ದೇಶದ ಇತಿಹಾಸವನ್ನು ಪುಸ್ತಕದಲ್ಲಿ ಓದುವುದಿಲ್ಲ, ಕೋಚಿನ ಮೈಕಿನಲ್ಲಿ ಕೇಳುತ್ತಾರೆ. ಎಂಟು ದಿನ ಆ ಮೈಕು ಹೇಳಿದ್ದೇ ಅವರ ಪಾಲಿನ ಬ್ರಿಟನ್. ಆದ್ದರಿಂದ ಅದು ಹೇಳುವ ಕಥೆಯನ್ನೂ ಒಂದು ಕೃತಿಯೆಂದೇ ತಿಳಿದು, ಅದರ ಗುಣದೋಷ ನೋಡುವುದು ಅಗತ್ಯವೆಂದು ನನಗೆ ಅನ್ನಿಸುತ್ತದೆ.

ಕಳೆದ ಬೇಸಗೆಯಲ್ಲಿ ಅಂಥದೊಂದು ಪ್ರವಾಸದಲ್ಲಿ ನಾನೂ ಇದ್ದೆ. ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನ ಮಧ್ಯಭಾಗದಲ್ಲಿ ನೆಲೆಸಿರುವ ನನಗೆ ಈ ಊರುಗಳು ಹೊಸವಲ್ಲ. ಬೆಂಗಳೂರಿನಿಂದ ಬಂದಿದ್ದ ಅತ್ತೆ ಮಾವಂದಿರಿಗೆ ಜೊತೆಯಾಗಿ ಹೊರಟೆ. ಲಂಡನ್, ವಿಂಡ್ಸರ್, ವಾರಿಕ್, ಯಾರ್ಕ್, ಎಡಿನ್‌ಬರಾ, ವೇಲ್ಸಿನ ಕಾನ್ವಿ, ಬಾತ್, ಮತ್ತೆ ಲಂಡನ್. ಎಂಟು ದಿನ, ಒಂದು ಕೋಚು, ಅದರ ತುಂಬ ಬಹುಪಾಲು ಕನ್ನಡಿಗರು. ಮೊದಲು ಒಳ್ಳೆಯದನ್ನು ಹೇಳಬೇಕು. ಎಪ್ಪತ್ತು ದಾಟಿದವರನ್ನು, ಮೊಣಕಾಲು ನೋವಿನವರನ್ನು, ಬೆಳ್ಳುಳ್ಳಿ ಮುಟ್ಟದವರನ್ನು ಒಟ್ಟಿಗೆ ಕಟ್ಟಿಕೊಂಡು, ಒಬ್ಬರನ್ನೂ ಕಳೆಯದೆ, ಒಂದು ಹೊತ್ತೂ ಉಪವಾಸ ಕೆಡವದೆ ಸ್ಕಾಟ್ಲೆಂಡಿನವರೆಗೆ ಹೋಗಿ ಬರುವುದು ಸಣ್ಣ ಕೆಲಸವಲ್ಲ. ತಾವಾಗಿ ರೈಲು ಹತ್ತಿ, ಟಿಕೆಟ್ ಕಾದಿರಿಸಿ ಈ ಊರುಗಳನ್ನು ನೋಡುವುದು ಆ ವಯಸ್ಸಿನವರಿಗೆ ಆಗದ ಮಾತು. ಗುಂಪು ಪ್ರವಾಸವನ್ನು ಹೀಗಳೆದು ಮಾತಾಡುವ ನನ್ನ ವಯಸ್ಸಿನವರು ಇದನ್ನು ಮರೆಯುತ್ತಾರೆ.

ಹಾಗೆಯೇ ಕಥೆ ಹೇಳುವ ಕಲೆ. ಲಂಡನ್ ಟವರಿನಲ್ಲಿ ಕಡುನೀಲಿ ಕೆಂಪು ಸಮವಸ್ತ್ರದ ಯೋಮನ್ ವಾರ್ಡರುಗಳು ಗುಂಪುಗಳನ್ನು ಕರೆದೊಯ್ಯುತ್ತಾರೆ. ಕನಿಷ್ಠ 22 ವರ್ಷ ಸೈನ್ಯದಲ್ಲಿ ಕೆಲಸ ಮಾಡಿದವರಿಗಷ್ಟೇ ಆ ಹುದ್ದೆ. ಮೈಕಿಲ್ಲದೆ ನೂರು ಜನರಿಗೆ ಕೇಳುವ ಗಂಟಲು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಎಂಬ ಲೆಕ್ಕ. ಇಂಗ್ಲಿಷ್ ಪೂರ್ತಿ ಅರ್ಥವಾಗದ ನಮ್ಮತ್ತೆ ಕೂಡ 1536ರಲ್ಲಿ ತಲೆ ಕಳೆದುಕೊಂಡ ಆ್ಯನ್ ಬೊಲಿನ್ನಳ ಕಥೆಗೆ ಕಣ್ಣೊರೆಸಿಕೊಂಡರು. ಹರಿಕಥೆ ಕೇಳಿ ಬೆಳೆದ ನಮಗೆ ಇಂಥವರ ಬೆಲೆ ಗೊತ್ತು.

ತೊಂದರೆ ಇರುವುದು ಕಥೆಯ ಅಚ್ಚಿನಲ್ಲಿ. ಮೂರನೆಯ ದಿನದ ಹೊತ್ತಿಗೆ ಆ ಅಚ್ಚು ನನಗೆ ಬಾಯಿಪಾಠವಾಗಿತ್ತು. ಒಬ್ಬ ದೊರೆ, ಅವನ ಹೆಂಡತಿಯರು, ಒಂದು ಕೊಲೆ, ಒಂದು ದೆವ್ವ, ಕೊನೆಗೆ ಗಿಫ್ಟ್ ಶಾಪು. ಕೋಚಿನಿಂದ ಇಳಿಯುವಾಗ ನಮ್ಮ ಟೂರ್ ಮ್ಯಾನೇಜರ್ ಪ್ರತಿ ಊರಿನಲ್ಲೂ ಹೇಳುತ್ತಿದ್ದ ಮಾತು ಒಂದೇ: "ಎಡಕ್ಕೆ ಕೋಟೆ, ಬಲಕ್ಕೆ ಟಾಯ್ಲೆಟ್, ನಲವತ್ತೈದು ನಿಮಿಷ." ಪಾಪ, ಅವರ ಅವಸರ ಅವರಿಗೆ. ಡ್ರೈವರನ ಕೆಲಸದ ಗಂಟೆಗಳಿಗೆ ಇಲ್ಲಿ ಕಾನೂನಿನ ಮಿತಿ ಇದೆ, ರಾತ್ರಿಯ ಊಟಕ್ಕೆ ಹೇಳಿಟ್ಟ ಹೋಟೆಲು ಕಾಯುತ್ತಿರುತ್ತದೆ. ಆದರೆ ನಲವತ್ತೈದು ನಿಮಿಷದಲ್ಲಿ ಏನನ್ನು ಹೇಳಬೇಕೆಂದು ಆರಿಸುವಾಗ ಬಿದ್ದುಹೋಗುವುದು ಯಾವಾಗಲೂ ಒಂದೇ ಬಗೆಯ ಸಂಗತಿ. ಈ ಕೋಟೆಯನ್ನು ಯಾರ ವಿರುದ್ಧ ಕಟ್ಟಿದರು? ಯಾರ ದುಡ್ಡಿನಲ್ಲಿ ಕಟ್ಟಿದರು? ಈ ಎರಡು ಪ್ರಶ್ನೆಗೆ ಉತ್ತರ ಸಿಗದೆ ಕೋಟೆ ನೋಡಿದ್ದು, ಗರ್ಭಗುಡಿ ಮುಚ್ಚಿದ ಮೇಲೆ ದೇವಸ್ಥಾನಕ್ಕೆ ಹೋಗಿ ಪ್ರದಕ್ಷಿಣೆ ಬಂದ ಹಾಗೆ.

ಭಾಷೆಯಿಂದಲೇ ಒಂದು ತೊಡಕು ಶುರುವಾಗುತ್ತದೆ. ಕಾಸಲ್ ಎಂಬುದನ್ನು ನಾವು ಕೋಟೆ ಎನ್ನುತ್ತೇವೆ. ಬೇರೆ ಪದವಿಲ್ಲ, ನಾನೂ ಅದನ್ನೇ ಬಳಸುತ್ತಿದ್ದೇನೆ. ಆದರೆ ನಮ್ಮ ಕಣ್ಣಿಗೆ ಕೋಟೆ ಎಂದರೆ ಊರನ್ನು ಸುತ್ತಿದ ಗೋಡೆ. ಶ್ರೀರಂಗಪಟ್ಟಣದ ಕೋಟೆಯೊಳಗೆ ರಂಗನಾಥನ ಗುಡಿ ಇದೆ, ಜಾಮಿಯಾ ಮಸೀದಿ ಇದೆ, ಇಂದಿಗೂ ಮನೆಗಳಿವೆ. ಚಿತ್ರದುರ್ಗದ ಬೆಟ್ಟದ ಮೇಲೆ ಗುಡಿ, ಹೊಂಡ, ಕಣಜ ಎಲ್ಲ ಇವೆ. ಇಲ್ಲಿನ ಕಾಸಲ್ ಮೂಲದಲ್ಲಿ ಒಬ್ಬ ದೊರೆಯ, ಒಬ್ಬ ಸರದಾರನ ಮನೆ. ಗೋಡೆ ಇರುವುದು ಊರನ್ನು ಕಾಯಲಿಕ್ಕಲ್ಲ, ಹಲವು ಕಡೆ ಊರಿನಿಂದಲೇ ತನ್ನನ್ನು ಕಾಯ್ದುಕೊಳ್ಳಲಿಕ್ಕೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂ, ಲಂಡನ್ ಟವರು, ವಿಂಡ್ಸರ್, ವಾರಿಕ್, ಯಾರ್ಕ್ ಎಲ್ಲ ಕಡೆ ಕೋಟೆ ಹಾಕಿಸಿದ್ದು ಸೋತ ಇಂಗ್ಲಿಷರನ್ನು ಅಂಕೆಯಲ್ಲಿಡಲು. ಹೊರಗಿನಿಂದ ಬಂದವರು ಒಳಗಿನವರ ಮೇಲೆ ಕಟ್ಟಿದ ಕಲ್ಲಿನ ಕಾವಲು ಅದು. ಈ ಒಂದು ವಾಕ್ಯ ಹೇಳಲು ಅರ್ಧ ನಿಮಿಷ ಸಾಕು. ನಮ್ಮ ಕೋಚಿನಲ್ಲಿ ಆ ಅರ್ಧ ನಿಮಿಷ ಯಾರಿಗೂ ಸಿಗಲಿಲ್ಲ. ವಾರಿಕ್ಕಿನಲ್ಲಿ ಕಲ್ಲೆಸೆಯುವ ದೊಡ್ಡ ಯಂತ್ರ, ಮೇಣದ ಬೊಂಬೆಗಳು, ಕತ್ತಿವರಸೆ ಎಲ್ಲ ಇದ್ದವು. ಮಕ್ಕಳಿಗೆ ಖುಷಿಯಾಯಿತು. ಕೋಟೆಯೊಂದು ಜಾತ್ರೆಯಾದಾಗ ಹೀಗೇ ಆಗುತ್ತದೆ. ಜಾತ್ರೆ ಕಳೆಗಟ್ಟುತ್ತದೆ, ಕೋಟೆ ಮರೆಯಾಗುತ್ತದೆ.

ಯಾರ್ಕಿನಲ್ಲಿ ಈ ಮರೆವು ನನಗೆ ಕಸಿವಿಸಿ ತಂದಿತು. ಹುಲ್ಲಿನ ದಿಬ್ಬದ ಮೇಲೆ ನಿಂತ ಕ್ಲಿಫರ್ಡ್ಸ್ ಟವರನ್ನು ನಮಗೆ ಕೋಚಿನ ಕಿಟಕಿಯಿಂದ ತೋರಿಸಿ, ಇಳಿಸಿದ್ದು ಶಾಂಬಲ್ಸ್ ಎಂಬ ಇಕ್ಕಟ್ಟಿನ ಬೀದಿಗೆ. ಹಿಂದೆ ಕಟುಕರ ಅಂಗಡಿಗಳಿದ್ದ ಬೀದಿ, ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು ಇನ್ನೂ ಕಾಣುತ್ತವೆ. ಈಗ ಅಲ್ಲಿ ಹ್ಯಾರಿ ಪಾಟರನ ಮಂತ್ರದಂಡ ಮಾರುತ್ತಾರೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಆ ದಿಬ್ಬ. 1190ರ ಮಾರ್ಚ್ 16ರಂದು, ಊರಿನ ಗುಂಪಿಗೆ ಹೆದರಿ ರಾಜನ ಕೋಟೆಯಲ್ಲಿ ಆಸರೆ ಪಡೆದಿದ್ದ ಸುಮಾರು 150 ಯಹೂದಿಗಳು ಆ ದಿಬ್ಬದ ಮೇಲೆ ಸತ್ತರು. ಆಗ ಅಲ್ಲಿದ್ದದ್ದು ಮರದ ಗೋಪುರ. ಹಲವರು ತಮ್ಮವರನ್ನು ತಾವೇ ಕೊಂದು ತಾವೂ ಸತ್ತರು. ಬದುಕಿ ಹೊರಬಂದವರನ್ನು ಗುಂಪು ಕೊಂದಿತು. ಆ ಗುಂಪಿನ ಮುಂದಾಳುಗಳು ಯಹೂದಿಗಳ ಹತ್ತಿರ ಸಾಲ ಮಾಡಿಕೊಂಡಿದ್ದ ಜಮೀನುದಾರರು. ಕೊಲೆಯಾದ ಮೇಲೆ ಅವರು ನೇರ ಹೋದದ್ದು ಯಾರ್ಕ್ ಮಿನ್ಸ್ಟರ್ ಎಂಬ ಮಹಾ ಇಗರ್ಜಿಗೆ, ಪ್ರಾರ್ಥನೆಗಲ್ಲ, ಅಲ್ಲಿಟ್ಟಿದ್ದ ಸಾಲಪತ್ರಗಳನ್ನು ಸುಡಲಿಕ್ಕೆ. ದಿಬ್ಬದ ಬುಡದಲ್ಲಿ 1978ರಲ್ಲಿ ಹಾಕಿದ ಒಂದು ಕಲ್ಲುಫಲಕ ಈ ಸಾವುಗಳನ್ನು ನೆನೆಸುತ್ತದೆ. ಮಿನ್ಸ್ಟರಿನ ಬಣ್ಣದ ಗಾಜುಗಳನ್ನು ಒಂದು ಗಂಟೆ ನೋಡಿದ ನಮಗೆ ಈ ಕಥೆಗೆ ಐದು ನಿಮಿಷ ಇರಲಿಲ್ಲ. ದೆವ್ವದ ಕಥೆ ಹೇಳಲು ಇತ್ತು. ನಿಜವಾಗಿ ಸತ್ತವರನ್ನು ಬಿಟ್ಟು, ಸತ್ತರೆಂದು ಕಲ್ಪಿಸಿದವರಿಗೆ ಸಮಯ ಕೊಡುವುದು ಕಥೆಗಾರನ ದೃಷ್ಟಿಯಿಂದಲೂ ಜಾಣತನವಲ್ಲ.

ಎಡಿನ್‌ಬರಾ ಕೋಟೆಯಲ್ಲಿ ಗೈಡ್ ಸ್ಥಳೀಯರು. ಸ್ಕಾಟರ ಕಡೆಯಿಂದ ಮಾತಾಡುವವರು. ಆದ್ದರಿಂದ "ಯಾರ ವಿರುದ್ಧ" ಎಂಬ ಪ್ರಶ್ನೆಗೆ ಉತ್ತರ ಧಾರಾಳವಾಗಿ ಸಿಕ್ಕಿತು. ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ 1296ರಲ್ಲಿ ಹೊತ್ತೊಯ್ದ, ಸ್ಕಾಟ್ ದೊರೆಗಳ ಪಟ್ಟಾಭಿಷೇಕದ ಕಲ್ಲು ಏಳುನೂರು ವರ್ಷದ ನಂತರ 1996ರಲ್ಲಿ ವಾಪಸು ಬಂದದ್ದನ್ನು ಆಕೆ ಗಂಟಲು ತುಂಬಿ ಹೇಳಿದರು. ಆ ಕಲ್ಲು 2024ರಿಂದ ಪರ್ತ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಳೆದುಕೊಂಡದ್ದು ಮರಳಿ ಬಂದ ಕಥೆಗೆ ನಮ್ಮಲ್ಲಿ ಯಾರು ತಾನೇ ಚಪ್ಪಾಳೆ ತಟ್ಟುವುದಿಲ್ಲ?

ಅದೇ ಎಡಿನ್‌ಬರಾ ಸೀಮೆಯ ಒಬ್ಬ ಮನುಷ್ಯನ ಹೆಸರು ಮಾತ್ರ ಅಲ್ಲಿ ಬರಲಿಲ್ಲ: ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರ್ ಅಲಿಯ ಸೈನ್ಯಕ್ಕೆ ಸೆರೆಸಿಕ್ಕು, ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದವನು. 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು. ಆ ರಾತ್ರಿ ಟಿಪ್ಪುವಿನ ಶವ ಸಿಕ್ಕಿದ ಗಳಿಗೆಯನ್ನು ಸ್ಕಾಟ್ ಚಿತ್ರಕಾರ ಡೇವಿಡ್ ವಿಲ್ಕಿ ದೊಡ್ಡ ಕ್ಯಾನ್ವಾಸಿನಲ್ಲಿ ಬರೆದು 1839ರಲ್ಲಿ ಮುಗಿಸಿದ. ಬೇರ್ಡನ ವಿಧವೆ ಬರೆಸಿದ ಚಿತ್ರ ಅದು. ಪಂಜಿನ ಬೆಳಕಿನಲ್ಲಿ ಬೇರ್ಡ್ ಎತ್ತರದಲ್ಲಿ ನಿಂತಿದ್ದಾನೆ, ಅವನ ಕಾಲ ಬುಡದಲ್ಲಿ ನೆಲಮಾಳಿಗೆಯ ಕಬ್ಬಿಣದ ಜಾಲರಿ. ಬಂದಿಯಾಗಿದ್ದವನು ಈಗ ಸೆರೆಮನೆಯ ಮೇಲೆ ನಿಂತಿದ್ದಾನೆ ಎಂಬ ಅರ್ಥ. ಶ್ರೀರಂಗಪಟ್ಟಣಕ್ಕೆ ಹೋದವರು ಇದಕ್ಕೆ ಜೋಡಿಯಾದ ಚಿತ್ರವನ್ನು ನೋಡಿರುತ್ತಾರೆ. ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧವೇ ಇದೆ. ಅಲ್ಲಿ ಆನೆಯ ಮೇಲೆ ಬರುವವರು ಹೈದರ್ ಮತ್ತು ಟಿಪ್ಪು. ಸಿಡಿಯುವ ಮದ್ದಿನ ಬಂಡಿ ಇಂಗ್ಲಿಷರದು, ಪಲ್ಲಕ್ಕಿಯಲ್ಲಿ ಕೂತು ದಿಕ್ಕು ತೋಚದವನು ಅವರ ಕರ್ನಲ್ ಬೇಯ್ಲಿ. ಗೆದ್ದವನು ಬರೆಸಿದ ಚಿತ್ರ ಅಲ್ಲೂ ಒಂದು, ಇಲ್ಲೂ ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲ ಗೈಡ್ ಸಿಕ್ಕಿದ್ದರೆ, ಮಂಡ್ಯ ಮೈಸೂರಿನಿಂದ ಬಂದವರಿದ್ದ ನಮ್ಮ ಗುಂಪು ಆ ದಿನ ಮಧ್ಯಾಹ್ನದ ಊಟವನ್ನೂ ಮರೆಯುತ್ತಿತ್ತು.

ಟಿಪ್ಪುವಿನ ಹೆಸರು ಕೋಚಿನಲ್ಲಿ ಮೊದಲು ಬಂದದ್ದು ವಿಂಡ್ಸರಿನಲ್ಲಿ. ಅಲ್ಲಿನ ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಹಜಾರದಲ್ಲಿ, ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ನನನ್ನು ಕೊಂದ ಗುಂಡನ್ನು ಇಟ್ಟಿರುವ ಕೋಣೆಯಲ್ಲೇ, ಚಿನ್ನದ ತಗಡು ಹೊದಿಸಿದ ಒಂದು ಹುಲಿಯ ತಲೆ ಇದೆ. ಸ್ಫಟಿಕದ ಹಲ್ಲು, ಸ್ಫಟಿಕದ ಕಣ್ಣು. ಟಿಪ್ಪುವಿನ ಸಿಂಹಾಸನದ ಹುಲಿ ಅದು. ಶ್ರೀರಂಗಪಟ್ಟಣ ಬಿದ್ದಮೇಲೆ ಸೈನ್ಯದವರು ಸಿಂಹಾಸನವನ್ನು ಒಡೆದು ಪಾಲು ಹಂಚಿಕೊಂಡರು. ಹುಲಿಯ ತಲೆ, ಮೇಲಿದ್ದ ಹುಮಾ ಹಕ್ಕಿ ರಾಜಮನೆತನಕ್ಕೆ ಬಂದವು. ಗುಂಪಿನಲ್ಲಿ ಒಬ್ಬರು ಇದನ್ನು ನೋಡಿ ಉಳಿದವರನ್ನು ಕೂಗಿದರು. ಹೊರಬಂದು ಕೋಚು ಹತ್ತಿದ ಮೇಲೆ ಮಾತಿಗೆ ಮಾತು ಬೆಳೆಯಿತು.

ಮಂಡ್ಯದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು, "ನಮ್ಮ ರಾಜನ ಸಿಂಹಾಸನ ಕಣ್ರೀ, ಒಡೆದು ತಿಂದವ್ರೆ. ಒಂದು ಮಾತು ಹೇಳ್ಲಿಲ್ವಲ್ಲ ಇವರು" ಎಂದರು.

ಸೋಮವಾರಪೇಟೆಯ ಹಿರಿಯ ಹೆಂಗಸೊಬ್ಬರು ಹಿಂದಿನ ಸೀಟಿನಿಂದ, "ನಿಮ್ಮ ರಾಜ ಇರಬಹುದು ಮೇಷ್ಟ್ರೇ. ನಮ್ಮ ಕಡೆಯವರನ್ನ ಹಿಡಿದು ಅದೇ ಪಟ್ಟಣಕ್ಕೆ ಸಾಗಿಸಿದ್ದು ಯಾರು? ಅದನ್ನೂ ಯಾರೂ ಹೇಳ್ಲಿಲ್ಲ" ಎಂದರು.

ಕೋಚು ಎರಡು ಪಕ್ಷವಾಯಿತು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿದ್ದು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿದ್ದು, ಎಲ್ಲ ಎಂ4 ಹೆದ್ದಾರಿಯ ಮೇಲೆ ಮತ್ತೊಮ್ಮೆ ನಡೆಯಿತು. ಟೂರ್ ಮ್ಯಾನೇಜರ್ ಹೆದರಿ ಅಂತ್ಯಾಕ್ಷರಿ ಶುರುಮಾಡಿಸಿದರು. ನನಗೋ ಎಂಟು ದಿನದಲ್ಲಿ ನಡೆದ ಏಕೈಕ ಇತಿಹಾಸದ ಪಾಠ ಅದೇ ಅನ್ನಿಸಿತು. ಅವರಿಬ್ಬರೂ ಕೇಳಿದ್ದು ಸರಿಯಾದ ಪ್ರಶ್ನೆ. ಹುಲಿಯ ತಲೆ ಮೈಸೂರಿನಿಂದ ಇಲ್ಲಿಗೆ ಹೇಗೆ ಬಂತೆಂಬುದು ಒಂದು. ಆ ಸಿಂಹಾಸನದ ಚಿನ್ನ ಮೊದಲು ಯಾವ ಯಾವ ಊರುಗಳಿಂದ ಮೈಸೂರಿಗೆ ಬಂದಿತ್ತೆಂಬುದು ಇನ್ನೊಂದು. ಎರಡನೆಯದನ್ನು ಕೇಳಿದ ಮಾತ್ರಕ್ಕೆ ಮೊದಲನೆಯದು ಮಾಫಿಯಾಗುವುದಿಲ್ಲ. ಮೊದಲನೆಯದರ ಸಿಟ್ಟು ಎರಡನೆಯದನ್ನು ಮುಚ್ಚಿಹಾಕುವಂತೆಯೂ ಇಲ್ಲ.

ನಮ್ಮ ಪ್ರವಾಸದ ಪಟ್ಟಿಯಲ್ಲಿ ಇಲ್ಲದ ಕೋಟೆಯೊಂದರ ಬಗ್ಗೆ ಇಲ್ಲಿ ಹೇಳಲೇಬೇಕು. ವೇಲ್ಸಿನ ಗಡಿಯಲ್ಲಿ, ವೆಲ್ಷ್‌ಪೂಲ್ ಊರಿನ ಪಕ್ಕ ಪೋವಿಸ್ ಎಂಬ ಕೆಂಪು ಕಲ್ಲಿನ ಕೋಟೆ ಇದೆ. ನಾನು ಬೇರೆ ಒಂದು ದಿನ ಕಾರಿನಲ್ಲಿ ಹೋಗಿ ನೋಡಿಬಂದೆ. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್. ಅವನ ಹೆಂಡತಿ ಹೆನ್ರಿಯೆಟಾ ಈ ಕೋಟೆಯ ಮನೆತನದವಳು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿ ಬಂದಳು. ಅದೂ ಒಂದು ಗುಂಪು ಪ್ರವಾಸವೇ, ಕೋಚಿನ ಬದಲು ಆನೆ, ಪಲ್ಲಕ್ಕಿ. ಕ್ಲೈವ್ ಮನೆತನ ಭಾರತದಿಂದ ತಂದ ಸಾವಿರಕ್ಕೂ ಹೆಚ್ಚು ವಸ್ತುಗಳು ಇಂದು ಪೋವಿಸ್ಸಿನಲ್ಲಿವೆ. ಸಿಂಹಾಸನದ ಸುತ್ತ ಇದ್ದ ಪುಟ್ಟ ಹುಲಿತಲೆಗಳಲ್ಲಿ ಒಂದು ಅಲ್ಲಿದೆ. ಟಿಪ್ಪುವಿನ ಡೇರೆಯೂ ಅಲ್ಲೇ ಇದೆ. ಬಿಳಿಯ ಹತ್ತಿ ಬಟ್ಟೆಯ ಮೇಲೆ ಹೂಕುಂಡ, ಬಳ್ಳಿ, ಎಲೆಗಳ ಬಣ್ಣದಚ್ಚು. ದಂಡಿನ ಡೇರೆ ಎಂದು ಹೇಳಿದರಷ್ಟೇ ಗೊತ್ತಾಗಬೇಕು, ಅಷ್ಟು ನಯ. ಮುಂದೆ ಇದನ್ನು ಇಲ್ಲಿನವರು ತೋಟದ ಪಾರ್ಟಿಗಳಿಗೆ ಚಪ್ಪರವಾಗಿ ಬಳಸಿದರು.

ಈ ಕೋಟೆಯನ್ನು 1952ರಿಂದ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. 2020ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆ, ವಸಾಹತುಗಳ ಮತ್ತು ಗುಲಾಮರ ದುಡಿಮೆಯ ದುಡ್ಡಿನೊಡನೆ ನಂಟಿರುವ ತನ್ನ 93 ಸ್ಥಳಗಳನ್ನು ಪಟ್ಟಿಮಾಡಿ ಒಂದು ವರದಿ ತಂದಿತು. ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದಿತು. ರಜೆಗೆ ಹೋದವರಿಗೆ ಪಾಪದ ಪಟ್ಟಿ ಓದಿಸುವುದೇಕೆ ಎಂದರು. ಆದರೂ ಫಲಕಗಳು ಮೆಲ್ಲಗೆ ಬದಲಾಗುತ್ತಿವೆ. ಲಂಡನ್ ಟವರಿನಲ್ಲಿ ಕೊಹಿನೂರನ್ನು, 1849ರಲ್ಲಿ ಹತ್ತು ವರ್ಷದ ಬಾಲಕ ದುಲೀಪ್ ಸಿಂಗನ ಕೈಯಿಂದ ಒಪ್ಪಂದದ ಹೆಸರಿನಲ್ಲಿ ಪಡೆದ ಆ ವಜ್ರವನ್ನು, 2023ರಿಂದ ಗೆಲುವಿನ ಗುರುತೆಂದೇ ವಿವರಿಸುತ್ತಾರೆ. ಅಂದರೆ ಗೋಡೆಯ ಮೇಲಿನ ಬರಹ ಕೋಚಿನ ಮೈಕಿಗಿಂತ ಮುಂದೆ ಹೋಗಿದೆ. ನಮ್ಮ ಮೈಕು ಹೇಳಿದ್ದು, "ಕೊಹಿನೂರ್ ನೋಡಿ, ಆದರೆ ಯಾರೂ ವಾಪಸ್ ಕೇಳಬೇಡಿ!" ಎಂಬ ನಗೆಹನಿ. ಎಲ್ಲರೂ ನಕ್ಕರು. ಕಿರೀಟಗಳ ಮುಂದೆ ನೆಲವೇ ಚಲಿಸುವ ಪಟ್ಟಿಯ ಮೇಲೆ ನಿಂತು, ಓದಲು ಪುರಸೊತ್ತಿಲ್ಲದೆ ಸಾಗಿಹೋದರು.

ಇಷ್ಟು ಹೇಳಿದರೆ, ನಮ್ಮದೇನಿದೆ ಎಂದು ಹುಡುಕಿಕೊಂಡು ಹೋಗುವುದೇ ಒಳ್ಳೆಯ ಪ್ರವಾಸ ಎಂದು ಓದುಗರು ತಿಳಿದಾರು. ನನ್ನ ಮಾತು ಅದಲ್ಲ. ನಮ್ಮವರ ಒತ್ತಾಯಕ್ಕೆ ಕೋಚು ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಹತ್ತಿರ ನಿಂತಿತು. 2015ರ ನವೆಂಬರಿನಲ್ಲಿ ಅನಾವರಣಗೊಂಡ ಪ್ರತಿಮೆ. ಎಲ್ಲರೂ ಫೋಟೊ ತೆಗೆಸಿಕೊಂಡು ಹತ್ತಿದೆವು. ಸಂತೋಷವೇ. ಆದರೆ ಅದೇ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಕೊಡಗಿನ ಕೊನೆಯ ದೊರೆಯ ಮಗಳು ಗೌರಮ್ಮ ಮಲಗಿದ್ದಾಳೆ. 1834ರಲ್ಲಿ ಕಂಪನಿ ಸರ್ಕಾರ ಪದಚ್ಯುತಗೊಳಿಸಿದ ಚಿಕ್ಕವೀರರಾಜೇಂದ್ರ, ತನ್ನ ಹಣ ಕೇಳಲು 1852ರಲ್ಲಿ ಲಂಡನ್ನಿಗೆ ಬಂದಾಗ ಜೊತೆಯಲ್ಲಿ ತಂದ ಹುಡುಗಿ. ವಿಕ್ಟೋರಿಯಾ ರಾಣಿ ತಾನೇ ಧರ್ಮತಾಯಿಯಾಗಿ ನಿಂತು ಅವಳಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ ಮಾಡಿಸಿದಳು. ಅವಳು 1864ರಲ್ಲಿ ಹರೆಯದಲ್ಲೇ ತೀರಿಹೋದಳು. ಮಾಸ್ತಿಯವರ ಕಾದಂಬರಿ ಓದಿದ ಕನ್ನಡಿಗರು ಲಕ್ಷಾಂತರ. ಬಕಿಂಗ್‌ಹ್ಯಾಮ್ ಅರಮನೆಯ ಗೇಟಿನ ಮುಂದೆ ಪಹರೆ ಬದಲಾವಣೆ ನೋಡಲು ಒಂದು ಗಂಟೆ ನಿಂತ ನಮ್ಮ ಗುಂಪಿನಲ್ಲಿ, ಆ ಗೇಟಿನೊಳಗೆ ಕೊಡಗಿನ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಹೆಸರು ಬದಲಾಯಿತೆಂದು ತಿಳಿದವರು ಸೋಮವಾರಪೇಟೆಯ ಆ ಹಿರಿಯರು ಒಬ್ಬರೇ. ಅವರು ಅದನ್ನು ನನಗೊಬ್ಬರಿಗೆ ಹೇಳಿದರು, ಮೈಕಿಗಲ್ಲ. ನಮ್ಮದೆಂಬ ಹೆಮ್ಮೆಗೆ ಫೋಟೊ ಸಾಕು. ಗೌರಮ್ಮನಂಥವರ ಬದುಕಿಗೆ ಮಾತು ಬೇಕು.

"ಯಾರ ವಿರುದ್ಧ, ಯಾರ ದುಡ್ಡು" ಎಂಬ ಪ್ರಶ್ನೆ ನಮಗೆ ಸಂಬಂಧವಿಲ್ಲದ ಕಡೆಯೂ ಕೆಲಸ ಮಾಡುತ್ತದೆ ಎಂಬುದು ತಿಳಿದದ್ದು ಕಾನ್ವಿಯಲ್ಲಿ. ಪ್ರವಾಸದ ಆರನೆಯ ದಿನ. ಉತ್ತರ ವೇಲ್ಸಿನ ಕಡಲಂಚಿನ ಪುಟ್ಟ ಊರು, ಎಂಟು ದುಂಡು ಗೋಪುರಗಳ ಕೋಟೆ, ಊರಿನ ಸುತ್ತ 21 ಗೋಪುರಗಳ ಗೋಡೆ. ಮಾಮೂಲಿನಂತೆ ನಲವತ್ತೈದು ನಿಮಿಷ. ಆದರೆ ಅಂದು ಮಳೆ ಹಿಡಿದು, ಕೋಚು ದೂರ ನಿಂತು, ಎರಡು ಗಂಟೆ ಸಿಕ್ಕಿತು. ಬಾಗಿಲಲ್ಲಿದ್ದ ಸ್ಥಳೀಯ ಗೈಡ್, ವೆಲ್ಷ್ ಮನೆಮಾತಿನ ಮುದುಕ, ದೊರೆಯ ಹೆಂಡತಿಯರ ಕಥೆ ಹೇಳಲು ಹೊರಟಾಗ ಮೇಷ್ಟ್ರು ನನ್ನ ತೋಳು ಹಿಡಿದರು. "ಇಷ್ಟು ದೊಡ್ಡದು ಕಟ್ಸೋಕೆ ದುಡ್ಡೆಲ್ಲಿಂದ ಬಂತಂತೆ, ಕೇಳಿ ಸ್ವಲ್ಪ."

ನಾನು ಕೇಳಿದೆ. ಮುದುಕನ ಮುಖ ಅರಳಿತು. ಮುಂದಿನ ಒಂದೂವರೆ ಗಂಟೆ ಅವರು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತ ಹೋದೆ. ಸ್ಕಾಟರ ಕಲ್ಲು ಕದ್ದ ಅದೇ ಒಂದನೆಯ ಎಡ್ವರ್ಡ್, 1282ರಲ್ಲಿ ವೆಲ್ಷ್ ರಾಜಕುಮಾರ ಲವೆಲಿನ್ ಸತ್ತ ಮರುವರ್ಷ ಕಟ್ಟಲು ತೊಡಗಿದ ಕೋಟೆ ಇದು. ವೆಲ್ಷ್ ದೊರೆಯೊಬ್ಬನ ಸಮಾಧಿ ಇದ್ದ ಸನ್ಯಾಸಿ ಮಠವನ್ನು ಆ ಜಾಗದಿಂದ ಎಬ್ಬಿಸಿದರು. ಇಂಗ್ಲೆಂಡಿನ ಬೇರೆ ಬೇರೆ ಜಿಲ್ಲೆಗಳಿಂದ ಮಣ್ಣಗೆಯುವವರನ್ನು, ಕಲ್ಲುಕುಟಿಗರನ್ನು, ಬಡಗಿಗಳನ್ನು ರಾಜಾಜ್ಞೆಯಿಂದ ಹಿಡಿದು ತಂದರು. ನಾಲ್ಕೈದು ವರ್ಷದಲ್ಲಿ ಕೋಟೆ ಎದ್ದಿತು. ಸುಮಾರು 15,000 ಪೌಂಡ್ ಖರ್ಚು, ಆ ಕಾಲಕ್ಕೆ ಭಾರಿ ಮೊತ್ತ. ಕೈಗಡ ಕೊಟ್ಟವರಲ್ಲಿ ಇಟಲಿಯ ಲುಕ್ಕಾ ಊರಿನ ರಿಕಾರ್ಡಿ ಸಾಹುಕಾರರು ದೊಡ್ಡವರು. ತೀರಿಸಲು ಪ್ರಜೆಗಳ ಮೇಲೆ ತೆರಿಗೆಯ ಮೇಲೆ ತೆರಿಗೆ. ಯಹೂದಿಗಳನ್ನಂತೂ ತೆರಿಗೆಯಲ್ಲಿ ಹಿಂಡಿ, ಇನ್ನೇನೂ ಉಳಿಯದಾದಾಗ 1290ರಲ್ಲಿ ದೇಶದಿಂದಲೇ ಹೊರಹಾಕಿದ. ಗೋಡೆಯೊಳಗಿನ ಪಟ್ಟಣಕ್ಕೆ ಇಂಗ್ಲಿಷ್ ವಲಸಿಗರನ್ನು ತಂದು ಕೂರಿಸಿದರು. ವೆಲ್ಷ್ ಜನ ಹೊರಗೆ.

ಆಗ ನನಗೆ ಮೂರು ದಿನದ ಹಿಂದೆ ಬಸ್ಸಿನ ಕಿಟಕಿಯಲ್ಲಿ ಕಂಡ ಯಾರ್ಕಿನ ದಿಬ್ಬ, ಎಡಿನ್‌ಬರಾದಲ್ಲಿ ಚಪ್ಪಾಳೆ ಗಿಟ್ಟಿಸಿದ ಕಲ್ಲು, ಎಲ್ಲ ಒಂದು ದಾರದಲ್ಲಿ ಪೋಣಿಸಿಕೊಂಡವು. ಎಂಟು ದಿನದ ಪ್ರವಾಸಕ್ಕೆ ಬೇಕಿದ್ದದ್ದು ಈ ದಾರ. ಅದನ್ನು ಕೊಟ್ಟದ್ದು ಒಂದು ಪ್ರಶ್ನೆ. ಮುದುಕ ಇನ್ನೂ ಒಂದು ಕಥೆ ಹೇಳಿದರು. 1401ರ ಗುಡ್ ಫ್ರೈಡೇ ದಿನ ಕಾವಲಿನವರು ಪ್ರಾರ್ಥನೆಗೆ ಹೋಗಿದ್ದಾಗ ರೀಸ್, ಗ್ವಿಲಿಮ್ ಎಂಬ ವೆಲ್ಷ್ ಸೋದರರು ಉಪಾಯದಿಂದ ಒಳನುಗ್ಗಿ ಈ ಅಭೇದ್ಯ ಕೋಟೆಯನ್ನು ಹಿಡಿದರು. ಅವರ ತಮ್ಮನ ಮರಿಮಗನೇ ಮುಂದೆ ಇಂಗ್ಲೆಂಡಿನ ಸಿಂಹಾಸನವೇರಿದ ಏಳನೆಯ ಹೆನ್ರಿ, ಮೊದಲ ಟ್ಯೂಡರ್ ದೊರೆ. ಅವನ ಮಗನ ಆರು ಹೆಂಡಿರ ಕಥೆಯನ್ನೇ ನಾವು ಮೊದಲ ದಿನ ಲಂಡನ್ನಿನಲ್ಲಿ ಕೇಳಿದ್ದು. "ನಮ್ಮ ಓಬವ್ವನ ಕಿಂಡಿ ಕಥೆ ತಿರುಗುಮುರುಗು ಆದಂಗೆ" ಎಂದರು ಮೇಷ್ಟ್ರು. ಈ ಕೋಟೆಗಳನ್ನು ಇಂದು ಕಾಯುವ ಸರ್ಕಾರಿ ಸಂಸ್ಥೆಯ ಹೆಸರು ಕಾಡೂ. ವೆಲ್ಷ್ ಭಾಷೆಯಲ್ಲಿ ಹಾಗೆಂದರೆ ಕಾಪಾಡು ಎಂದರ್ಥ. ತಮ್ಮನ್ನು ಹೊರಗಿಟ್ಟ ಗೋಡೆಯನ್ನು ಅವರೇ ಕಾಪಾಡುತ್ತಿದ್ದಾರೆ, ಫಲಕದಲ್ಲಿ ತಮ್ಮ ಭಾಷೆಯನ್ನೂ ಬರೆಸಿದ್ದಾರೆ.

ಹಾಗಾದರೆ ನಮ್ಮ ಕೋಟೆಗಳಲ್ಲಿ ನಾವು ಹೇಳುವ ಕಥೆ ಹೇಗಿದೆ? ಬ್ರಿಟನ್ನಿನ ಗೈಡುಗಳ ಲೋಪ ಎಣಿಸಿದವರು ಇದನ್ನೂ ಕೇಳಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದ ಜಾಗ, ಬೇಯ್ಲಿ ಸಾಹೇಬನ ನೆಲಮಾಳಿಗೆ, ನೀರಿನ ದಿಡ್ಡಿ. ಕೊಡಗಿನಿಂದ, ಮಂಗಳೂರು ಸೀಮೆಯಿಂದ ಸೆರೆಯಾಗಿ ಬಂದವರ ಮಾತು ಕೇಳುವವನ ಮುಖ ನೋಡಿ ಬರುತ್ತದೆ, ಇಲ್ಲವೇ ಬಿಡುತ್ತದೆ. ಚಿತ್ರದುರ್ಗದಲ್ಲಿ ಓಬವ್ವನ ಒನಕೆಯ ಕಥೆ ಕೇಳದೆ ಯಾರೂ ಇಳಿಯುವುದಿಲ್ಲ. ಕೇಳಲೇಬೇಕಾದ ಕಥೆ ಅದು. ಆದರೆ ಆ ಏಳು ಸುತ್ತಿನ ಕಲ್ಲನ್ನು ಹೊತ್ತವರು ಯಾರು, ಅವರಿಗೆ ಕೂಲಿ ಕೊಟ್ಟವರು ಯಾರು ಎಂದು ನಾನು ಹೋದಾಗಲೆಲ್ಲ ಕೇಳಿಸಿಕೊಂಡದ್ದಿಲ್ಲ. ಅಲ್ಲೂ ದೊರೆ, ಶೌರ್ಯ, ದ್ರೋಹ, ಕೊನೆಗೆ ಎಳನೀರು. ಅಚ್ಚು ಬೇರೆಯಲ್ಲ.

ರಜೆಯಲ್ಲಿ ಬಂದವರಿಗೆ ಇದೆಲ್ಲ ಭಾರವಾಗುವುದಿಲ್ಲವೇ ಎಂಬುದು ನ್ಯಾಯವಾದ ಆಕ್ಷೇಪ. ದುಡ್ಡು ಕೊಟ್ಟು ಬಂದವರು ಮನಸ್ಸು ಹಗುರ ಮಾಡಿಕೊಳ್ಳಲು ಬಂದಿರುತ್ತಾರೆ. ಆದರೆ ಕಾನ್ವಿಯಲ್ಲಿ ಮಳೆಯಲ್ಲಿ ನೆನೆಯುತ್ತ ಒಂದೂವರೆ ಗಂಟೆ ನಿಂತವರಲ್ಲಿ ಒಬ್ಬರೂ ಟಾಯ್ಲೆಟ್ ಎಲ್ಲಿ ಎಂದು ಕೇಳಲಿಲ್ಲ. ಸಾಲ, ತೆರಿಗೆ, ಒಕ್ಕಲೆಬ್ಬಿಸುವುದು, ನೆರೆಯವರ ಜಗಳ ನಮ್ಮ ಹಿರಿಯರಿಗೆ ಗೊತ್ತಿಲ್ಲದ ವಿಷಯಗಳೇನಲ್ಲ. ಅವರ ಬದುಕೇ ಅದು. ಆರು ಹೆಂಡಿರ ದೊರೆಗಿಂತ ಹಿಡಿದು ತಂದ ಕಲ್ಲುಕುಟಿಗನೇ ಅವರಿಗೆ ಹತ್ತಿರದ ನೆಂಟ. ಅವರಿಗೆ ಬೇಕಾದದ್ದು ರಂಜನೆ ಮಾತ್ರ ಎಂದುಕೊಂಡಿರುವುದು ಪ್ರವಾಸ ಏರ್ಪಡಿಸುವವರ ಅಂದಾಜು, ಕರೆದುಕೊಂಡು ಹೋಗುವ ಮಕ್ಕಳಾದ ನಮ್ಮ ಅಂದಾಜು ಕೂಡ.

ಬದಲಾಗಬೇಕಾದದ್ದು ಹೆಚ್ಚೇನಿಲ್ಲ. ಎಂಟು ದಿನಕ್ಕೆ ಹತ್ತು ಕೋಟೆಯ ಬದಲು ಐದು ಸಾಕು. ಒಂದೊಂದಕ್ಕೂ ಎರಡು ಗಂಟೆ ಇರಲಿ. ಆಯಾ ಊರಿನ ಗೈಡನ್ನೇ ಕೇಳಿ ಪಡೆಯಬೇಕು, ಜೊತೆಗೆ ಕನ್ನಡಕ್ಕೆ ತಿರುಗಿಸುವವರು ಒಬ್ಬರಿರಬೇಕು. ಈ ದೇಶದಲ್ಲಿ ವರ್ಷಗಟ್ಟಲೆ ಇದ್ದು ಎರಡು ಭಾಷೆಯನ್ನೂ ಬಲ್ಲ ನಮ್ಮಂಥವರಿಗೆ ಅದು ಕಷ್ಟದ ಕೆಲಸವಲ್ಲ, ಊರಿಂದ ಬಂದವರಿಗೆ ನಾವು ಮಾಡಬಹುದಾದ ನಿಜವಾದ ಉಪಚಾರ. ಮಿಡ್‌ಲ್ಯಾಂಡ್ಸಿನಲ್ಲಿರುವ ಕನ್ನಡಿಗರಿಗೆ ಪೋವಿಸ್ ಒಂದು ದಿನದ ದಾರಿ, ಬುತ್ತಿ ಕಟ್ಟಿಕೊಂಡು ಹೋಗಿ ಬರಬಹುದು. ಅದು ಆಗದಿದ್ದರೆ ಗೈಡ್ ಮಾತು ಮುಗಿಸಿ "ಪ್ರಶ್ನೆಗಳಿವೆಯೇ?" ಎಂದಾಗ ಕೈ ಎತ್ತಿದರೂ ಸಾಕು. ಆ ಪ್ರಶ್ನೆಯನ್ನು ಅವರು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಉತ್ತರವಾಗಿ ಬರುವುದು ಹೆಚ್ಚಾಗಿ ಟಾಯ್ಲೆಟ್ಟಿನ ದಾರಿ ಕೇಳುವ ಮಾತು. ಕಾನ್ವಿಯ ಮುದುಕನ ಬಳಿ ಅಷ್ಟೆಲ್ಲ ಇತ್ತು. ಯಾರಾದರೂ ಕೇಳಲಿ ಎಂದು ಆತ ಕಾಯುತ್ತಿದ್ದರು.